ಸ್ವಲೀನರ ಪರಿಷತ್ತೂ ವಕ್ತೃಧರ್ಮವೂ

೧

ಸಭೆಯಲ್ಲಿ ಮಾತನಾಡುವುದು ಒಂದು ವಿದ್ಯೆಯೆಂದು ನಮ್ಮ ಪೂರ್ವಿಕರು ತಿಳಿದಿದ್ದರು. ನ್ಯಾಯಶಾಸ್ತ್ರವು ವಿಚಾರಗೋಷ್ಠಿಯನ್ನು ವಾದ, ಜಲ್ಪ, ವಿತಂಡೆಗಳೆಂದು ಮೂರು ಬಗೆಯಾಗಿ ವಿಂಗಡಿಸಿ ಒಂದೊಂದಕ್ಕೂ ಲಕ್ಷಣವನ್ನು ಹೇಳಿತು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ಇನ್ನೂ ಮುಂದೆ ಹೋಗಿ, ವಕ್ತೃವು ಬಾಯಿ ತೆರೆಯುವುದಕ್ಕೆ ಮೊದಲು ತನ್ನೆದುರಿನ ಪರಿಷತ್ತನ್ನು ಪರೀಕ್ಷಿಸಬೇಕೆಂದು ವಿಧಿಸುತ್ತದೆ. ಆ ಪರಿಷತ್ತು ತಿಳಿದವರದೋ ತಿಳಿಯದವರದೋ, ಅವರು ಸ್ನೇಹಿತರೋ ಉದಾಸೀನರೋ ವಿರೋಧಿಗಳೋ ಎಂಬುದನ್ನು ನಿರ್ಣಯಿಸಿಕೊಂಡು ಅದಕ್ಕೆ ತಕ್ಕಂತೆ ಮಾತನಾಡಬೇಕೆಂಬುದು ಅಲ್ಲಿಯ ಅಭಿಪ್ರಾಯ.

ಹಳೆಯ ಶಾಸ್ತ್ರಕಾರರ ಎಣಿಕೆಯಲ್ಲಿ ಬಾರದ ಒಂದು ಪರಿಷತ್ತು ಈಚಿನ ಮೂವತ್ತು ವರುಷಗಳಲ್ಲಿ ಲೋಕದಲ್ಲಿ ಕಾಣಿಸಿಕೊಂಡಿದೆ. ಆಟಿಸಂ ಎಂದು ವೈದ್ಯರು ಕರೆಯುವ ಸ್ಥಿತಿಯುಳ್ಳವರು ತಾವೇ ಕೂಡಿಸಿ, ತಾವೇ ನಿಯಮಗಳನ್ನು ಕಟ್ಟಿ, ತಮಗಾಗಿಯೇ ನಡೆಸುವ ಪರಿಷತ್ತು ಅದು. ಅಂತಹ ಸಭೆಯಲ್ಲಿ ಪ್ರಬಂಧವನ್ನು ಓದಲು ಹೋಗುವವನು ತಿಳಿದಿರತಕ್ಕುದೇನು? ಆ ಸಭೆಯ ನಡವಳಿಕೆಯಿಂದ ಅಲಂಕಾರಶಾಸ್ತ್ರವನ್ನು ಓದುವ, ಓದಿಸುವ ನಾವು ಕಲಿಯತಕ್ಕುದೇನು? ಈ ಎರಡು ಪ್ರಶ್ನೆಗಳು ಇಲ್ಲಿ ವಿಚಾರಣೀಯವಾಗಿವೆ. ಪ್ರತಿಪಾದ್ಯವನ್ನು ಮೊದಲೇ ಹೇಳಿಬಿಡುವೆನು. ಅರ್ಥವು ಒಬ್ಬನಿಂದ ಇನ್ನೊಬ್ಬನಿಗೆ ಮುಟ್ಟದಿದ್ದಾಗ ಆ ದೋಷವನ್ನು ಒಬ್ಬನ ಮೇಲೆ ಮಾತ್ರ ಹೊರಿಸುವುದು ಶಾಸ್ತ್ರಸಮ್ಮತವಲ್ಲ. ಸಹೃದಯತೆಯು ಇಬ್ಬರ ನಡುವಣ ಸಂಬಂಧವೇ ಹೊರತು ಒಬ್ಬನ ಸೊತ್ತಲ್ಲ. ಇದನ್ನು ಗ್ರಂಥಗಳಲ್ಲಿ ಓದಿ ಒಪ್ಪಿದ ನಾವು ವ್ಯವಹಾರದಲ್ಲಿ ಮರೆತಿರುವೆವು. ಸ್ವಲೀನರ ಪರಿಷತ್ತು ಅದನ್ನು ಪ್ರತ್ಯಕ್ಷವಾಗಿ ತೋರಿಸುತ್ತದೆ.

೨

ಮೊದಲು ಹೆಸರಿನ ವಿಚಾರ. ಆಟಿಸಂ ಎಂಬ ಶಬ್ದವು 'ತಾನು' ಎಂಬರ್ಥದ ಗ್ರೀಕ್ ಪದದಿಂದ ಹುಟ್ಟಿದುದು. ಸ್ವಿಟ್ಸರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರನು ೧೯೧೧ರ ತನ್ನ ಗ್ರಂಥದಲ್ಲಿ ಬೇರೊಂದು ಮನೋರೋಗದ ಲಕ್ಷಣವನ್ನು, ಎಂದರೆ ಹೊರಲೋಕದಿಂದ ಹಿಮ್ಮೆಟ್ಟಿ ತನ್ನೊಳಗೇ ಇರುವುದನ್ನು, ಸೂಚಿಸಲು ಇದನ್ನು ಬಳಸಿದನು. ೧೯೪೩ರಲ್ಲಿ ಅಮೆರಿಕೆಯ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರನು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಈ ಶಬ್ದವನ್ನು ಹುಟ್ಟಿನಿಂದಲೇ ಬರುವ ಒಂದು ಪ್ರತ್ಯೇಕ ಸ್ಥಿತಿಗೆ ಅನ್ವಯಿಸಿದನು. ಮರುವರ್ಷವೇ, ೧೯೪೪ರಲ್ಲಿ, ವಿಯೆನ್ನಾದ ಹಾನ್ಸ್ ಆಸ್ಪರ್ಗರನು ಇದೇ ತೆರದ ಮಕ್ಕಳನ್ನು ಕುರಿತು ಬರೆದನು. ಇವರಿಬ್ಬರು ಬೇರೆಬೇರೆಯಾಗಿ ಕಂಡುದನ್ನು ಅಮೆರಿಕೆಯ ಮನೋವೈದ್ಯರ ವರ್ಗೀಕರಣಗ್ರಂಥವು ೨೦೧೩ರಲ್ಲಿ ಒಂದೇ ವರ್ಣಪಟಲದೊಳಗೆ ಸೇರಿಸಿತು. ಕೆಂಪಿನಿಂದ ನೇರಳೆಯವರೆಗೆ ಬಣ್ಣಗಳು ಒಂದರೊಳಗೊಂದು ಬೆರೆತಿರುವಂತೆ ಈ ಸ್ಥಿತಿಯುಳ್ಳವರಲ್ಲಿಯೂ ಬಹುವಿಧವಾದ ಭೇದಗಳುಂಟು. ಕೆಲವರು ನಿರರ್ಗಳವಾಗಿ ಮಾತನಾಡುವರು. ಕೆಲವರು ಜೀವಮಾನವೆಲ್ಲ ಒಂದು ಮಾತನ್ನೂ ಆಡರು. ಕೆಲವರು ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವರು. ಕೆಲವರಿಗೆ ಉಣ್ಣುವುದಕ್ಕೂ ಉಡುವುದಕ್ಕೂ ಪರಸಹಾಯ ಬೇಕು. ಪರರೊಡನೆ ವ್ಯವಹರಿಸುವ ರೀತಿಯಲ್ಲಿ ಭೇದ, ಒಂದೇ ವಿಷಯದಲ್ಲಿ ಗಾಢವಾದ ಆಸಕ್ತಿ, ನಿಯತವಾದ ಕ್ರಮದ ಮೇಲೆ ಒಲವು, ಶಬ್ದ ಸ್ಪರ್ಶ ರೂಪ ರಸ ಗಂಧಗಳನ್ನು ಇಂದ್ರಿಯಗಳು ಅತಿಯಾಗಿಯೋ ಕಡಮೆಯಾಗಿಯೋ ಗ್ರಹಿಸುವುದು, ಇವು ಸಾಮಾನ್ಯಲಕ್ಷಣಗಳು.

ಇದಕ್ಕೆ 'ಸ್ವಲೀನತೆ' ಎಂಬ ಶಬ್ದವು ನಮ್ಮ ಭಾಷೆಗಳಲ್ಲಿ ಬಳಕೆಗೆ ಬಂದಿದೆ. ತನ್ನಲ್ಲಿ ತಾನು ಲೀನವಾದ ಸ್ಥಿತಿಯೆಂಬುದು ಇದರ ವಾಚ್ಯಾರ್ಥ. ಯೋಗಶಾಸ್ತ್ರದಲ್ಲಿ ಲಯವು ಪ್ರಶಂಸೆಗೆ ವಿಷಯವಾಗಿರುವಾಗ ವೈದ್ಯಕದಲ್ಲಿ ಅದೇ ಧಾತುವು ನ್ಯೂನತೆಯ ಹೆಸರಾದುದು ಕುತೂಹಲಕರ. ಈ ಶಬ್ದವು ಹೊರಗಿನಿಂದ ನೋಡುವವನ ದೃಷ್ಟಿಯಿಂದ ಹುಟ್ಟಿದುದೆಂಬುದನ್ನು ಮಾತ್ರ ಮರೆಯಲಾಗದು. ತನ್ನತ್ತ ತಿರುಗದವನು ತನ್ನೊಳಗೇ ಮುಳುಗಿರುವನೆಂದು ನೋಡುವವನು ಊಹಿಸುತ್ತಾನೆ. ಹಾಗೆ ಕಾಣುವವನು ನಿಜವಾಗಿ ಕಿಟಕಿಯ ಬೆಳಕನ್ನೋ ದೂರದ ಗಡಿಯಾರದ ಸದ್ದನ್ನೋ ಅತ್ಯಂತ ಏಕಾಗ್ರತೆಯಿಂದ ಗ್ರಹಿಸುತ್ತಿರಬಹುದು. ರೂಢಿಯು ಯೋಗಕ್ಕಿಂತ ಬಲವತ್ತರವೆಂಬ ನ್ಯಾಯದಿಂದ ಈ ಲೇಖನದಲ್ಲಿ ರೂಢಶಬ್ದವನ್ನೇ ಇಟ್ಟುಕೊಂಡಿರುವೆನು.

'ಸ್ವಲೀನರು' ಎನ್ನಬೇಕೋ 'ಸ್ವಲೀನತೆಯುಳ್ಳ ವ್ಯಕ್ತಿಗಳು' ಎನ್ನಬೇಕೋ ಎಂಬ ಇನ್ನೊಂದು ಚರ್ಚೆಯಿದೆ. ಎರಡನೆಯ ರೂಪದಲ್ಲಿ ವ್ಯಕ್ತಿಗೆ ಪ್ರಾಧಾನ್ಯವಿರುವುದರಿಂದ ಅದೇ ಗೌರವಯುತವೆಂದು ಅನೇಕ ಸಜ್ಜನರು ಭಾವಿಸಿದರು. ಸ್ವಲೀನರಾದ ಜಿಮ್ ಸಿಂಕ್ಲೇರ್ ಅವರು ೧೯೯೯ರಲ್ಲಿ ಬರೆದ ಒಂದು ಚಿಕ್ಕ ಲೇಖನದಲ್ಲಿ ಇದನ್ನು ಆಕ್ಷೇಪಿಸಿದರು. ಅವರ ವಾದವನ್ನು ವೈಶೇಷಿಕರ ಪರಿಭಾಷೆಯಲ್ಲಿ ಹೇಳಿದರೆ ಅದು ಚೆನ್ನಾಗಿ ವಿಶದವಾಗುವುದು. ಪಾತ್ರೆಯಲ್ಲಿ ಬೋರೆಹಣ್ಣು ಇರುವುದು ಸಂಯೋಗಸಂಬಂಧದಿಂದ. ಹಣ್ಣನ್ನು ತೆಗೆದರೆ ಪಾತ್ರೆಯು ಇದ್ದಂತೆಯೇ ಇರುವುದು. ನೂಲಿನಲ್ಲಿ ಬಟ್ಟೆಯು ಇರುವುದು ಸಮವಾಯಸಂಬಂಧದಿಂದ. ನೂಲನ್ನು ತೆಗೆದು ಬಟ್ಟೆಯನ್ನು ಉಳಿಸುವುದು ಶಕ್ಯವಲ್ಲ. 'ಉಳ್ಳ' ಎಂಬ ಮಾತು ಧನವುಳ್ಳವನು, ರೋಗವುಳ್ಳವನು ಎಂಬಲ್ಲಿ ಬರುವಂತೆ ಕಳೆದುಹೋಗಬಲ್ಲ ಸಂಯೋಗವನ್ನು ಧ್ವನಿಸುತ್ತದೆ. ಸ್ವಲೀನತೆಯಾದರೋ ನೋಡುವ, ಕೇಳುವ, ಯೋಚಿಸುವ ಎಲ್ಲ ಕ್ರಿಯೆಗಳಲ್ಲಿಯೂ ಹೆಣೆದುಕೊಂಡಿರುವುದು. ಅದನ್ನು ತೆಗೆದ ಮೇಲೆ ಉಳಿಯುವವನು ಬೇರೊಬ್ಬ ಮನುಷ್ಯ. ಆದುದರಿಂದ ಅವರು ಸಮವಾಯವಾದಿಗಳು. ಎರಡನೆಯ ರೂಪವನ್ನೇ ಮೆಚ್ಚುವವರೂ ಇರುವುದರಿಂದ ವ್ಯಕ್ತಿಯನ್ನು ಅವರವರ ಇಷ್ಟದಂತೆ ಕರೆಯುವುದು ಸೌಜನ್ಯ.

೩

ಈ ಪರಿಷತ್ತುಗಳ ಚರಿತ್ರೆಯು ಸಂಕ್ಷೇಪವಾಗಿ ಹೀಗಿದೆ. ಸ್ವಲೀನತೆಯನ್ನು ಕುರಿತ ಸಮ್ಮೇಳನಗಳು ಬಹುಕಾಲ ವೈದ್ಯರಿಂದಲೂ ತಂದೆತಾಯಿಗಳಿಂದಲೂ ನಡೆಯುತ್ತಿದ್ದುವು. ಅಲ್ಲಿ ಸ್ವಲೀನರು ವಿಷಯವಾಗಿದ್ದರು. ಕೆಲವೊಮ್ಮೆ ತಮ್ಮ ಅನುಭವವನ್ನು ಹೇಳಲು ವೇದಿಕೆಗೆ ಕರೆಯಲ್ಪಟ್ಟರೂ ಶ್ರೋತೃಗಳೆಂದು ಯಾರೂ ಅವರನ್ನು ಎಣಿಸಿರಲಿಲ್ಲ. ೧೯೯೨ರಲ್ಲಿ ಸಿಂಕ್ಲೇರರೂ ಅವರ ಕೆಲವು ಮಿತ್ರರೂ ಸೇರಿ ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಕಟ್ಟಿದರು. ೧೯೯೩ರಲ್ಲಿ ಕೆನಡಾದ ಟೊರಾಂಟೋ ನಗರದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಸಿಂಕ್ಲೇರರು ಮಾಡಿದ ಭಾಷಣವು ಪ್ರಸಿದ್ಧವಾದುದು. ತಂದೆತಾಯಿಗಳನ್ನು ಉದ್ದೇಶಿಸಿ ಅವರು ಹೇಳಿದುದರ ಸಾರ ಇದು: ನಿಮ್ಮ ದುಃಖವು ನೀವು ನಿರೀಕ್ಷಿಸಿದ್ದ, ಎಂದೂ ಹುಟ್ಟದಿದ್ದ ಮಗುವಿಗಾಗಿ. ಹುಟ್ಟಿ ನಿಮ್ಮೆದುರಿಗಿರುವ ಮಗುವು ಸತ್ತಿಲ್ಲ. ಅದು ನಿಮಗಾಗಿ ಕಾದಿದೆ. ಆದುದರಿಂದ ನಮಗಾಗಿ ಶೋಕಿಸಬೇಡಿ.

೧೯೯೬ರಲ್ಲಿ ಆ ಸಂಸ್ಥೆಯು ನ್ಯೂಯಾರ್ಕ್ ಸಂಸ್ಥಾನದ ಕೆನಂಡೈಗ್ವಾ ಎಂಬಲ್ಲಿ ಆಟ್ರೀಟ್ ಎಂಬ ಹೆಸರಿನ ಮೊದಲ ಸಮಾವೇಶವನ್ನು ನಡೆಸಿತು. ೨೦೧೩ರವರೆಗಿನ ಅವಧಿಯಲ್ಲಿ ಇಂತಹ ಸಮಾವೇಶಗಳು ಅನೇಕಸಲ ನಡೆದುವು. ಅವನ್ನು ಮಾದರಿಯಾಗಿಟ್ಟುಕೊಂಡು ೨೦೦೫ರಲ್ಲಿ ಬ್ರಿಟನ್ನಿನಲ್ಲಿ ಆಟ್‌ಸ್ಕೇಪ್ ಎಂಬ ಸಮಾವೇಶವು ಮೊದಲಾಯಿತು. ಸ್ವಲೀನರಲ್ಲದ ಬಂಧುಗಳಿಗೂ ವಿದ್ವಾಂಸರಿಗೂ ಇಂತಹ ಕಡೆಗಳಲ್ಲಿ ಪ್ರವೇಶವುಂಟು, ಪ್ರಬಂಧವನ್ನು ಓದುವ ಅವಕಾಶವೂ ಉಂಟು. ಆದರೆ ಅವರು ಅಲ್ಲಿ ಅತಿಥಿಗಳು. ಮನೆಯ ಕ್ರಮವು ಮನೆಯವರದು.

೪

ಇನ್ನು ಆ ಕ್ರಮಗಳನ್ನೂ ಅವುಗಳ ಹೇತುಗಳನ್ನೂ ಪರಿಶೀಲಿಸೋಣ.

ಮೊದಲನೆಯದು ಸಂಭಾಷಣೆಯ ಸೂಚಕಗಳು. ಸಭಿಕರು ಎದೆಯ ಮೇಲೆ ಬಣ್ಣದ ಬಿಲ್ಲೆಯನ್ನು ಧರಿಸಬಹುದು. ಕೆಂಪು ಬಿಲ್ಲೆಯಿದ್ದರೆ ಯಾರೂ ತನ್ನನ್ನು ಮಾತನಾಡಿಸಬಾರದೆಂದೂ, ಹಳದಿಯಿದ್ದರೆ ಪರಿಚಿತರು ಮಾತ್ರ ಮಾತನಾಡಿಸಬಹುದೆಂದೂ, ಹಸಿರಾಗಿದ್ದರೆ ತನಗೆ ಮಾತು ಬೇಕು ಆದರೆ ತಾನಾಗಿ ಮೊದಲುಮಾಡುವುದು ಕಷ್ಟವಾದುದರಿಂದ ದಯವಿಟ್ಟು ನೀವೇ ಬನ್ನಿರೆಂದೂ ತಾತ್ಪರ್ಯ. ಸಾಮಾನ್ಯಸಭೆಗಳಲ್ಲಿ ಈ ಮೂರು ತಾತ್ಪರ್ಯಗಳನ್ನೂ ನಾವು ಮುಖದ ಭಾವದಿಂದ, ನಿಲುವಿನಿಂದ, ಕಣ್ಣಿನ ಚಲನೆಯಿಂದ ಊಹಿಸುತ್ತೇವೆ. ಊಹೆಯು ತಪ್ಪಿದರೆ ಎದುರಿನವನನ್ನು ಗರ್ವಿಷ್ಠನೆಂದೋ ಒರಟನೆಂದೋ ಹೇಳುತ್ತೇವೆ. ಅಲ್ಲಿ ಚೇಷ್ಟೆಯಿಂದ ವ್ಯಂಗ್ಯವಾಗಿದ್ದುದನ್ನು ಬಣ್ಣದಿಂದ ವಾಚ್ಯವಾಗಿ ಮಾಡಿದ್ದಾರೆ. ಹಸಿರು ಬಿಲ್ಲೆಯು ಇಲ್ಲಿ ವಿಶೇಷವಾಗಿ ಗಮನಾರ್ಹ. ಸ್ವಲೀನನು ಏಕಾಂತವನ್ನೇ ಬಯಸುವನೆಂಬ ಲೋಕಪ್ರವಾದಕ್ಕೆ ಅದೊಂದೇ ಸಾಕಾದ ಬಾಧಕಪ್ರಮಾಣ.

ಎರಡನೆಯದು ಇಂದ್ರಿಯಗಳ ವಿಚಾರ. ಸುಗಂಧದ್ರವ್ಯಗಳನ್ನು ಲೇಪಿಸಿಕೊಂಡು ಬರಬಾರದು. ಛಾಯಾಚಿತ್ರಕ್ಕಾಗಿ ಮಿಂಚಿನ ಬೆಳಕನ್ನು ಹಾಯಿಸಬಾರದು. ಬೇಸತ್ತವರು ಹೋಗಿ ಕುಳಿತುಕೊಳ್ಳಲು ನಿಶ್ಶಬ್ದವಾದ ಒಂದು ಕೊಠಡಿಯನ್ನು ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ಕೆಲವು ಕೂಟಗಳಲ್ಲಿ ಚಪ್ಪಾಳೆಗೆ ಬದಲಾಗಿ, ಕಿವುಡರ ಸಮುದಾಯದಲ್ಲಿ ಇರುವಂತೆ, ಎರಡು ಕೈಗಳನ್ನೂ ಗಾಳಿಯಲ್ಲಿ ಆಡಿಸಿ ಮೆಚ್ಚುಗೆಯನ್ನು ತೋರಿಸುವರು. ನೂರು ಜನರ ಚಪ್ಪಾಳೆಯು ಕೆಲವರ ಕಿವಿಗೆ, ಆಷಾಢದ ಮಳೆಯು ತಗಡಿನ ಮಾಡಿನ ಮೇಲೆ ಸುರಿದಂತೆ, ಉಳಿದೆಲ್ಲ ಶಬ್ದವನ್ನೂ ನುಂಗಿಬಿಡುವುದು. ನಮ್ಮ ಮಲೆನಾಡಿನ ಶಾಲೆಗಳಲ್ಲಿ ಅಂತಹ ಮಳೆ ಬಂದಾಗ ಉಪಾಧ್ಯಾಯರು ಪಾಠವನ್ನು ನಿಲ್ಲಿಸುವುದುಂಟು. ಆಗ ವಿದ್ಯಾರ್ಥಿಗೆ ಕೇಳಿಸಲಿಲ್ಲವೆಂದು ಯಾರೂ ವಿದ್ಯಾರ್ಥಿಯನ್ನು ದೂರುವುದಿಲ್ಲ.

ಮೂರನೆಯದು ಆಸನದ ವಿಚಾರ. ಸಭಿಕರು ತೂಗಾಡುತ್ತ ಕುಳಿತಿರಬಹುದು, ನಡೆದಾಡಬಹುದು, ನೆಲದ ಮೇಲೆ ಮಲಗಿರಬಹುದು, ಬೆರಳುಗಳನ್ನು ಆಡಿಸುತ್ತಿರಬಹುದು, ವಕ್ತೃವಿನ ಮುಖವನ್ನು ಒಮ್ಮೆಯೂ ನೋಡದಿರಬಹುದು. ಇವು ಅನಾದರದ ಚಿಹ್ನೆಗಳಲ್ಲ. ಕಣ್ಣಿಟ್ಟು ನೋಡುವುದರಲ್ಲಿಯೇ ಮನಸ್ಸಿನ ಶಕ್ತಿಯು ವ್ಯಯವಾಗಿ ಕಿವಿಗೆ ಏನೂ ಉಳಿಯುವುದಿಲ್ಲವೆಂದು ಅನೇಕ ಸ್ವಲೀನರು ಹೇಳಿಕೊಂಡಿದ್ದಾರೆ. ಹಾಗಿರುವಲ್ಲಿ ನೋಡದೆ ಕೇಳುವವನೇ ಶ್ರದ್ಧಾಳು. ವೇದಾಧ್ಯಯನದಲ್ಲಿ ತೂಗಾಡುತ್ತ ಸಂತೆ ಹೇಳುವ ವಟುಗಳನ್ನು ಕಂಡವರಿಗೆ ದೇಹದ ಚಲನೆಯು ಏಕಾಗ್ರತೆಗೆ ವಿರೋಧಿಯಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಾಲ್ಕನೆಯದು ಎಲ್ಲಕ್ಕೂ ಮೂಲವಾದುದು. ಬೆರೆಯುವುದಕ್ಕೆ ಅವಕಾಶವಿರಬೇಕು, ಒತ್ತಾಯವಿರಬಾರದು ಎಂಬುದು ಆಟ್ರೀಟಿನ ಮುಖ್ಯಸೂತ್ರವಾಗಿದ್ದಿತು. ಪ್ರಬಂಧವನ್ನು ಕೇಳಲು ಬಂದವನು ಅದನ್ನು ಕೇಳದೆ ಕೆರೆಯ ದಂಡೆಯಲ್ಲಿ ಕುಳಿತು ಹೋದರೂ ಆಕ್ಷೇಪವಿಲ್ಲ.

ಇವೆಲ್ಲ ಅತಿಯಾದ ಉಪಚಾರಗಳೆಂದು ಕೆಲವರಿಗೆ ತೋರಬಹುದು. ಅದು ಸರಿಯಲ್ಲ. ನಿಯಮಗಳಿಲ್ಲದ ಸಭೆಯೇ ಇಲ್ಲ. ನಮ್ಮ ಸಭೆಗಳ ನಿಯಮಗಳು ಶಿಷ್ಟಾಚಾರವೆಂಬ ಹೆಸರಿನಲ್ಲಿ ಅಲಿಖಿತವಾಗಿವೆ, ಅವರವು ಲಿಖಿತವಾಗಿವೆ. ಭೇದವು ಇಷ್ಟೇ. ಅಲಿಖಿತವಾದುದು ಅದನ್ನು ಬಾಲ್ಯದಿಂದ ಉಸಿರಾಡಿದವನಿಗೆ ಮಾತ್ರ ಸುಲಭ. ಲಿಖಿತವಾದುದು ಬಂದವರೆಲ್ಲರಿಗೂ ಸುಲಭ. ನಮ್ಮ ಅವಧಾನಸಭೆಯಲ್ಲಿಯೂ ಪೃಚ್ಛಕರಲ್ಲಿ ಯಾರು ಸಮಸ್ಯೆಯನ್ನು ಕೊಡಬೇಕು, ಯಾರು ಗಂಟೆಯನ್ನು ಬಾರಿಸಬೇಕು, ಯಾರು ಅಪ್ರಸ್ತುತಪ್ರಸಂಗವನ್ನು ಎತ್ತಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಅಡ್ಡಬಾಯಿ ಹಾಕುವುದಕ್ಕೂ ಅಲ್ಲಿ ಒಂದು ನಿಯತಸ್ಥಾನವುಂಟು. ಅದರಿಂದ ಸಭೆಯ ರಸವು ಹೆಚ್ಚುವುದೇ ಹೊರತು ಕಡಮೆಯಾಗುವುದಿಲ್ಲ.

೫

ಈಗ ವಕ್ತೃವಿನ ಕರ್ತವ್ಯ. ಇಲ್ಲಿ ಅಲಂಕಾರಶಾಸ್ತ್ರವು ನಮಗೆ ನೇರವಾಗಿ ಒದಗುವುದು. ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ಮೂರು ವ್ಯಾಪಾರಗಳುಂಟಷ್ಟೆ. ಇವುಗಳಲ್ಲಿ ವ್ಯಂಗ್ಯಾರ್ಥವು ತೋರಬೇಕಾದರೆ ಯಾವ ಯಾವ ಸಾಮಗ್ರಿ ಬೇಕೆಂಬುದನ್ನು ಮಮ್ಮಟನು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ಪರಿಗಣಿಸಿದ್ದಾನೆ. ಹೇಳುವವನು, ಕೇಳುವವನು, ಕಾಕು ಎಂದರೆ ಧ್ವನಿಯ ವಿಕಾರ, ವಾಕ್ಯ, ವಾಚ್ಯ, ಸಮೀಪದಲ್ಲಿರುವ ಇತರರು, ಪ್ರಸ್ತಾವ, ದೇಶ, ಕಾಲ, ಚೇಷ್ಟೆ ಮೊದಲಾದುವುಗಳ ವೈಶಿಷ್ಟ್ಯದಿಂದ ಪ್ರತಿಭಾವಂತರಿಗೆ ಅದು ತೋರುವುದೆಂದು ಅವನ ಮತ. ಈ ಸಾಮಗ್ರಿಯಲ್ಲಿ ಕಾಕು ಮತ್ತು ಚೇಷ್ಟೆಗಳನ್ನು ಅನೇಕ ಸ್ವಲೀನರು ನಮ್ಮಂತೆ ಗ್ರಹಿಸರು. ಪ್ರಸ್ತಾವವನ್ನೂ ನಮ್ಮಂತೆ ಊಹಿಸರು. ಆದುದರಿಂದ ಆ ಸಭೆಯಲ್ಲಿ ಮಾತನಾಡುವವನು ತಾನು ಹೇಳಬೇಕಾದುದನ್ನು ಅಭಿಧೆಯಿಂದಲೇ ಹೇಳತಕ್ಕುದು. ನಿಂದೆಯಿಂದ ಸ್ತುತಿಯನ್ನು, ಸ್ತುತಿಯಿಂದ ನಿಂದೆಯನ್ನು ತೋರಿಸುವ ವ್ಯಾಜಸ್ತುತಿಯನ್ನೂ, ಬರಿಯ ಕಾಕುವಿನಿಂದ ಅರ್ಥವನ್ನು ತಿರುಗಿಸುವ ವಕ್ರೋಕ್ತಿಯನ್ನೂ ನೆಚ್ಚಕೂಡದು. ಹಾಸ್ಯವು ಬೇಡವೆಂದಲ್ಲ. ಹಾಸ್ಯವೆಂದು ತಿಳಿಯುವಂತೆ ಇರಬೇಕು.

ಇದರಿಂದ ಹುಟ್ಟುವ ವಿಧಿಗಳು ಹೀಗೆ: ಪ್ರಬಂಧದ ಬರೆಹದ ಪ್ರತಿಯನ್ನು ಮುಂಗಡವಾಗಿ ಕೊಡಬೇಕು, ಏತಕ್ಕೆಂದರೆ ಕಿವಿಯಿಂದ ಕೇಳಿದುದಕ್ಕಿಂತ ಕಣ್ಣಿನಿಂದ ಓದಿದುದು ಅನೇಕರಿಗೆ ಸುಗ್ರಾಹ್ಯ. ವಿಷಯಗಳ ಅನುಕ್ರಮವನ್ನೂ ಹಿಡಿಯುವ ಕಾಲವನ್ನೂ ಮೊದಲೇ ಹೇಳಿ, ಹೇಳಿದಂತೆ ನಡೆಯಬೇಕು. ಪ್ರಶ್ನೆಯು ಯಾವುದೋ ಅದಕ್ಕೇ ಉತ್ತರ ಕೊಡಬೇಕು, ಕೇಳಿದವನ ಮನಸ್ಸಿನಲ್ಲಿ ಇರಬಹುದಾದ ಬೇರೊಂದಕ್ಕಲ್ಲ. ಪ್ರಶ್ನೆಯನ್ನು ಬರೆದು ಕೊಡಲು ಅವಕಾಶವಿರಬೇಕು. ಮೌನವು ಬಂದಾಗ ಅದನ್ನು ಒಡನೆಯೇ ತುಂಬಬಾರದು, ಉತ್ತರವು ಬರುವ ದಾರಿಯಲ್ಲಿರಬಹುದು. ಸಣ್ಣ ತಪ್ಪೊಂದನ್ನು ಸಭಿಕನು ನಡುವೆಯೇ ತಿದ್ದಿದರೆ ಅದನ್ನು ಮಾನಭಂಗವೆಂದು ಎಣಿಸದೆ, ಯಥಾರ್ಥದ ಮೇಲಣ ಪ್ರೀತಿಯೆಂದು ತಿಳಿಯಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಸರ್ವನಾಮ. ಸ್ವಲೀನರೆದುರಿಗೆ ನಿಂತು ಸ್ವಲೀನರನ್ನು 'ಅವರು' ಎಂದು ಪ್ರಥಮಪುರುಷದಲ್ಲಿ ಕರೆದು, ಅವರ ಬಾಲ್ಯದ ಸಂಕಟಗಳನ್ನು ದೃಷ್ಟಾಂತವಾಗಿ ಪ್ರದರ್ಶಿಸುವ ವಕ್ತೃವು ತನ್ನ ಪರಿಷತ್ತನ್ನು ಪರೀಕ್ಷಿಸಿಲ್ಲ. ವೈದ್ಯನು ವೈದ್ಯನೊಡನೆ ನಡೆಸುವ ಸಂಭಾಷಣೆಗೆ ಚರಕನು 'ತದ್ವಿದ್ಯಸಂಭಾಷಾ' ಎಂದು ಹೆಸರಿಟ್ಟು, ಅದನ್ನು ಅನುಲೋಮವಾದ ಸಂಧಾಯಸಂಭಾಷೆಯೆಂದೂ ಕಲಹರೂಪವಾದ ವಿಗೃಹ್ಯಸಂಭಾಷೆಯೆಂದೂ ಎರಡು ಮಾಡಿದನು. ಸ್ವಲೀನತೆಯನ್ನು ಕುರಿತು ಮಾತು ನಡೆಯುವಾಗ ಅದನ್ನು ಹಗಲಿರುಳೂ ಅನುಭವಿಸುವವರು ತದ್ವಿದ್ಯರಲ್ಲದೆ ಮತ್ತೇನು? ಅವರೊಡನೆ ಮಾತನಾಡುವ ಹೊರಗಿನ ಪಂಡಿತನು ಆ ಒಂದು ಅಂಶದಲ್ಲಿ ವಿದ್ಯಾರ್ಥಿಯೇ ಸರಿ.

೬

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಧ್ವನಿಯೇ ಕಾವ್ಯದ ಆತ್ಮವೆಂದು ಆನಂದವರ್ಧನನು ಸ್ಥಾಪಿಸಿರುವಾಗ ಅಭಿಧೆಯಲ್ಲಿಯೇ ನಿಲ್ಲುವವರಿಗೆ ಕಾವ್ಯದಲ್ಲಿ ಅಧಿಕಾರವಿಲ್ಲವೆಂದಾಯಿತಲ್ಲ? ಸಾಹಿತ್ಯದ ಉಪಾಧ್ಯಾಯನು ಅಂತಹವರಿಗೆ ಏನನ್ನು ಕಲಿಸಬಲ್ಲನು?

ಉತ್ತರವನ್ನು ಕ್ಯಾನರನೇ ಒದಗಿಸಿದ್ದಾನೆ. ಅವನು ೧೯೪೬ರಲ್ಲಿ ಸ್ವಲೀನ ಮಕ್ಕಳ ಅಸಂಬದ್ಧವೆಂದು ತೋರುವ ಮಾತುಗಳನ್ನೂ ರೂಪಕಮಯವಾದ ಮಾತುಗಳನ್ನೂ ಕುರಿತು ಒಂದು ಲೇಖನವನ್ನು ಬರೆದನು. ಅದರಲ್ಲಿ ಬರುವ ಒಬ್ಬ ಬಾಲಕನು ಬಾಣಲೆಯಂತಹ ಪಾತ್ರೆಯನ್ನು ಕಂಡಾಗಲೆಲ್ಲ ಒಂದು ಶಿಶುಗೀತದ ಎರಡು ಮಾತುಗಳನ್ನು ನುಡಿಯುತ್ತಿದ್ದನು. ಕೇಳಿದವರಿಗೆ ಅದು ಅರ್ಥವಿಲ್ಲದ ಪ್ರಲಾಪ. ವಿಚಾರಿಸಿದಾಗ ತಿಳಿದುಬಂದುದೇನೆಂದರೆ, ಅವನಿಗೆ ಎರಡು ವರುಷವಾಗಿದ್ದಾಗ ತಾಯಿಯು ಆ ಹಾಡನ್ನು ಹೇಳುತ್ತ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿರುವಾಗ ಅವಳ ಕೈಯಿಂದ ಪಾತ್ರೆಯು ಜಾರಿ ಬಿದ್ದಿತ್ತು. ಅಂದಿನಿಂದ ಪಾತ್ರೆಗೆ ಆ ಹಾಡೇ ಹೆಸರಾಯಿತು. ಮುಖ್ಯಾರ್ಥದೊಡನೆ ಸಾಹಚರ್ಯಸಂಬಂಧವಿರುವ ಬೇರೊಂದನ್ನು ಶಬ್ದವು ಬೋಧಿಸಿದರೆ ಅದು ಲಕ್ಷಣೆಯೆಂದು ನಮ್ಮವರು ಹೇಳುವರು. ಬಾಲಕನು ಮಾಡಿದುದು ಅದನ್ನೇ. ಸಂಬಂಧವು ಅವನಿಗೂ ಅವನ ತಾಯಿಗೂ ಮಾತ್ರ ವೇದ್ಯವಾಗಿತ್ತೆಂಬುದೊಂದೇ ಕೊರತೆ. ಆ ಮಾತು ಅರ್ಥಹೀನವಾಗಿರಲಿಲ್ಲ. ಅದಕ್ಕೆ ವ್ಯಾಖ್ಯಾನವಿರಲಿಲ್ಲ. ದುರೂಹವಾದ ಶ್ಲೋಕವೊಂದು ಸಿಕ್ಕಿದಾಗ ಕವಿಯನ್ನು ಉನ್ಮತ್ತನೆನ್ನದೆ ವ್ಯಾಖ್ಯಾನವನ್ನು ಹುಡುಕುವ ನಾವು, ಒಂದು ಮಗುವಿನ ಮಾತಿಗೆ ಅಷ್ಟು ಮರ್ಯಾದೆಯನ್ನು ಕೊಡಲಾರೆವೇ?

ಇನ್ನೊಂದು ದೃಷ್ಟಾಂತವು ಪಾಠಶಾಲೆಯದೇ. ಗಂಗೆಯಲ್ಲಿ ಗೊಲ್ಲರ ಹಳ್ಳಿ ಎಂಬುದು ಲಕ್ಷಣೆಗೆ ಸರ್ವರೂ ಕೊಡುವ ಉದಾಹರಣೆ. ನೀರಿನ ಪ್ರವಾಹದಲ್ಲಿ ಹಳ್ಳಿಯು ಹೇಗೆ ನಿಂತೀತೆಂದು ಒಬ್ಬ ವಿದ್ಯಾರ್ಥಿಯು ಕೇಳಿದನೆನ್ನಿ. ಉಳಿದವರು ನಗುವರು, ಉಪಾಧ್ಯಾಯರು ಗದರುವರು. ಲಕ್ಷಣೆಗೆ ಮೊದಲ ಹೇತುವು ಯಾವುದು? ಮುಖ್ಯಾರ್ಥಬಾಧೆ. ನಕ್ಕವರೆಲ್ಲರೂ ಆ ಮೆಟ್ಟಿಲನ್ನು ನೋಡದೆಯೇ ಹಾರಿ ತೀರಕ್ಕೆ ಹೋಗಿ ನಿಂತವರು. ಪ್ರಶ್ನೆ ಕೇಳಿದವನೊಬ್ಬನೇ ಬಾಧೆಯನ್ನು ಕಂಡವನು. ಸಂಬಂಧವನ್ನೂ ಪ್ರಯೋಜನವನ್ನೂ ಮುಂದಿನ ಎರಡು ಮೆಟ್ಟಿಲುಗಳೆಂದು ಅವನಿಗೆ ಬಿಡಿಸಿ ತೋರಿಸಿದರೆ, ಉಳಿದವರು ಅಭ್ಯಾಸಬಲದಿಂದ ತಲಪಿದಲ್ಲಿಗೆ ಅವನು ಶಾಸ್ತ್ರಬಲದಿಂದ ತಲಪುವನು. ಧ್ವನಿಯಲ್ಲಿ ಅವನಿಗೆ ಅಧಿಕಾರವಿಲ್ಲವೆಂಬುದು ನಮ್ಮ ಆತುರದ ತೀರ್ಪು.

೭

ಸಹೃದಯತೆಯ ವಿಚಾರವಾಗಿ ಈಚಿನ ಸಂಶೋಧನೆಯು ಹೇಳುವುದನ್ನು ಇಲ್ಲಿ ಸೇರಿಸುವುದು ಉಚಿತ. ಸ್ವಲೀನರಿಗೆ ಪರರ ಮನಸ್ಸನ್ನು ಅರಿಯುವ ಶಕ್ತಿ ಕಡಮೆಯೆಂಬುದು ಬಹುಕಾಲ ಬಂದ ಮತ. ತಾವೂ ಸ್ವಲೀನರಾದ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಡಾಮಿಯನ್ ಮಿಲ್ಟನ್ ಅವರು ೨೦೧೨ರಲ್ಲಿ ಇದಕ್ಕೆ ಪ್ರತಿಯಾಗಿ ಒಂದು ಸಿದ್ಧಾಂತವನ್ನು ಮುಂದಿಟ್ಟರು. ಸ್ವಲೀನನು ಇತರರನ್ನು ಅರಿಯದಿರುವಷ್ಟೇ ಇತರರೂ ಸ್ವಲೀನನನ್ನು ಅರಿಯರು, ಕೊರತೆಯು ಉಭಯನಿಷ್ಠವಾದುದು ಎಂದು ಅವರ ವಾದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಪರಸ್ಪರ ಅಸಹೃದಯತೆ.

ಇದನ್ನು ಪರೀಕ್ಷಿಸಲು ಕ್ಯಾಥರೀನ್ ಕ್ರಾಂಪ್ಟನ್ ಅವರೂ ಸಂಗಡಿಗರೂ ೨೦೨೦ರಲ್ಲಿ ಪ್ರಕಟಿಸಿದ ಪ್ರಯೋಗವು ಸರಳವಾದುದು. ಎಂಟೆಂಟು ಜನರ ಒಂಬತ್ತು ಶ್ರೇಣಿಗಳನ್ನು ಮಾಡಿ, ಮೊದಲನೆಯವನಿಗೆ ಹೇಳಿದ ಕಥೆಯನ್ನು ಅವನು ಎರಡನೆಯವನಿಗೆ, ಎರಡನೆಯವನು ಮೂರನೆಯವನಿಗೆ ಹೇಳುತ್ತ ಹೋಗುವಂತೆ ಏರ್ಪಡಿಸಿದರು. ಮೂರು ಶ್ರೇಣಿಗಳಲ್ಲಿ ಎಲ್ಲರೂ ಸ್ವಲೀನರು. ಮೂರರಲ್ಲಿ ಯಾರೂ ಸ್ವಲೀನರಲ್ಲ. ಉಳಿದ ಮೂರು ಮಿಶ್ರವಾದುವು. ಸ್ವಲೀನರ ಶ್ರೇಣಿಗಳಲ್ಲಿ ಕಥೆಯು ಇತರರ ಶ್ರೇಣಿಗಳಲ್ಲಿ ಉಳಿದಷ್ಟೇ ಚೆನ್ನಾಗಿ ಉಳಿಯಿತು. ಮಿಶ್ರಶ್ರೇಣಿಗಳಲ್ಲಿ ಮಾತ್ರ ಹೆಚ್ಚಾಗಿ ಸೋರಿಹೋಯಿತು. ೨೦೨೫ರಲ್ಲಿ ಇನ್ನೂ ಹೆಚ್ಚು ಜನರನ್ನು ಸೇರಿಸಿ ಮಾಡಿದ ಪ್ರಯೋಗದಲ್ಲಿ ಮಿಶ್ರಶ್ರೇಣಿಗಳ ಈ ಸೋರಿಕೆಯು ಕಾಣಬರಲಿಲ್ಲವೆಂಬುದನ್ನೂ ಹೇಳಬೇಕು. ಮಿಶ್ರಸಭೆಯ ವಿಷಯದಲ್ಲಿ ಅಭಿಪ್ರಾಯವು ಇನ್ನೂ ಸ್ಥಿರವಾಗಿಲ್ಲ. ಆದರೆ ಸ್ವಲೀನರು ತಮ್ಮತಮ್ಮಲ್ಲಿ ಅರ್ಥವನ್ನು ಸಾಗಿಸುವುದರಲ್ಲಿ ಕಡಮೆಯವರಲ್ಲವೆಂಬುದರಲ್ಲಿ ಎರಡು ಪ್ರಯೋಗಗಳಿಗೂ ಐಕಮತ್ಯವಿದೆ.

ಇದು ಆಶ್ಚರ್ಯವೆಂದು ಖಾನಾಪುರ ತಾಲೂಕಿನವರಾದ ನಮಗೆ ತೋರಬಾರದು. ಈ ಲೇಖನವನ್ನು ಬರೆಯುತ್ತಿರುವ ಕಣಕುಂಬಿಯ ಸುತ್ತಣ ಹಳ್ಳಿಗಳಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಕೊಳ್ಳುವವನು ಒಂದು ಭಾಷೆಯಲ್ಲಿ ಕೇಳಿದರೆ ಮಾರುವವನು ಮತ್ತೊಂದರಲ್ಲಿ ಉತ್ತರ ಕೊಡುವನು. ಅರ್ಥವಾಗದಿದ್ದರೆ ಇಬ್ಬರೂ ಇನ್ನೊಂದು ಸಲ, ಇನ್ನೊಂದು ರೀತಿಯಲ್ಲಿ ಹೇಳಿ ನೋಡುವರು. ಮರಾಠಿಯವನಿಗೆ ಕನ್ನಡವು ತಿಳಿಯದಿದ್ದರೆ ಅದು ಅವನ ಬುದ್ಧಿಯ ರೋಗವೆಂದು ಇಲ್ಲಿ ಯಾರೂ ಹೇಳಿದ್ದಿಲ್ಲ. ಸಹ್ಯಾದ್ರಿಯ ಈ ನೆತ್ತಿಯ ಮೇಲೆ ಬೀಳುವ ಮಳೆಯಲ್ಲಿ ಒಂದು ಪಾಲು ಮಲಪ್ರಭೆಯಾಗಿ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಇನ್ನೊಂದು ಪಾಲು ಕಳಸಾ ಹಳ್ಳದಿಂದ ಮಹದಾಯಿಗೆ ಇಳಿದು ಗೋವೆಯ ಮೂಲಕ ಪಡುಗಡಲಿಗೆ ಹೋಗುವುದು. ಇಳಿಜಾರು ಬೇರೆ, ನೀರು ಒಂದೇ.

೮

ಪ್ರಾಚೀನರಲ್ಲಿಯೂ ಇಂತಹವರಿದ್ದರೇ ಎಂಬ ಪ್ರಶ್ನೆಯನ್ನು ಕೆಲವರು ಎತ್ತುವರು. ಭಾಗವತದ ಐದನೆಯ ಸ್ಕಂಧದ ಜಡಭರತನನ್ನೂ, ಮಾತನಾಡದ ಬಾಲಕನಾಗಿದ್ದು ಶಂಕರಾಚಾರ್ಯರ ಶಿಷ್ಯನಾದ ಹಸ್ತಾಮಲಕನನ್ನೂ ಸ್ವಲೀನರೆಂದು ಹೇಳಿಬಿಡಲು ಮನಸ್ಸಾಗುವುದು ಸಹಜ. ಸಂಶೋಧಕನು ಹಾಗೆ ಮಾಡಕೂಡದು. ಪುರಾಣವೂ ವಿಜಯಕಾವ್ಯವೂ ರೋಗಿಯ ಚರಿತ್ರೆಗಳಲ್ಲ. ಅವುಗಳಲ್ಲಿ ಮೌನವು ಜ್ಞಾನದ ಚಿಹ್ನೆಯಾಗಿ ವರ್ಣಿತವಾದುದು, ವೈದ್ಯನ ನಿದಾನಕ್ಕೆ ಅದು ಪ್ರಮಾಣವಾಗದು. ಮಾತನಾಡದ ಮಕ್ಕಳೆಲ್ಲರೂ ಗುಪ್ತಜ್ಞಾನಿಗಳೆಂಬ ಹೊಸ ಭ್ರಮೆಯನ್ನು ಹುಟ್ಟಿಸುವುದೂ ಆ ಮಕ್ಕಳಿಗೆ ಮಾಡುವ ಉಪಕಾರವಲ್ಲ. ಅವರಿಗೆ ಬೇಕಾದುದು ಸ್ತೋತ್ರವಲ್ಲ, ಸಹಾಯ. ಆ ಕಥೆಗಳಿಂದ ಗ್ರಹಿಸತಕ್ಕ ಅಂಶವು ಬೇರೆ. ಹಸ್ತಾಮಲಕನನ್ನು ಜಡನೆಂದು ಎಲ್ಲರೂ ನಿರ್ಣಯಿಸಿದ್ದರು. ಆಚಾರ್ಯರೊಬ್ಬರು ಮಾತ್ರ ಅವನನ್ನೇ ಕುರಿತು, ನೀನು ಯಾರು ಎಂದು ಕೇಳಿದರು. ತಂದೆಯನ್ನು ಕೇಳಿ ತೃಪ್ತರಾಗಲಿಲ್ಲ. ಕಥೆಯ ಜೀವವು ಬಾಲಕನ ಉತ್ತರದಲ್ಲಿ ಇರುವಷ್ಟೇ ಆ ಪ್ರಶ್ನೆಯ ಅಭಿಮುಖತೆಯಲ್ಲಿಯೂ ಇದೆ.

೯

ಕಡೆಯದಾಗಿ, ಇದರಿಂದ ನಮ್ಮ ಶಾಲೆಗಳಿಗೂ ಪರಿಷತ್ತುಗಳಿಗೂ ಆಗಬೇಕಾದ ಪ್ರಯೋಜನ. ಭಾರತದ ಅಂಗವಿಕಲರ ಹಕ್ಕುಗಳ ೨೦೧೬ನೆಯ ಕಾಯಿದೆಯು ಇಪ್ಪತ್ತೊಂದು ಸ್ಥಿತಿಗಳನ್ನು ಎಣಿಸಿ ಅವುಗಳಲ್ಲಿ ಸ್ವಲೀನತೆಯನ್ನೂ ಸೇರಿಸಿದೆ. ಸರಕಾರದ ಧನಸಹಾಯವನ್ನೋ ಮಾನ್ಯತೆಯನ್ನೋ ಪಡೆದ ವಿದ್ಯಾಸಂಸ್ಥೆಗಳು ವ್ಯಕ್ತಿಯ ಅಗತ್ಯಕ್ಕೆ ತಕ್ಕ ಯುಕ್ತವಾದ ಅನುಕೂಲಗಳನ್ನು ಒದಗಿಸಬೇಕೆಂದು ಅದು ವಿಧಿಸುತ್ತದೆ. ಕಾಯಿದೆಯು ಇಳಿಜಾರುಹಾದಿಯನ್ನು ಕಟ್ಟಿಸಬಲ್ಲುದು. ಒಂದು ಪದ್ಯವನ್ನು ಹೇಗೆ ಪಾಠಹೇಳಬೇಕೆಂಬುದನ್ನು ಉಪಾಧ್ಯಾಯನೇ ತಿಳಿಯಬೇಕು.

ನಮ್ಮ ಕನ್ನಡದ ಪ್ರಶ್ನಪತ್ರಿಕೆಗಳಲ್ಲಿ ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿರೆಂಬ ಪ್ರಶ್ನೆಯು ಬಹುಕಾಲದಿಂದ ಬರುತ್ತಿದೆ. ಸ್ವಾರಸ್ಯವೆಂದರೇನು, ಅದನ್ನು ಹುಡುಕುವ ಕ್ರಮವೇನು ಎಂಬುದನ್ನು ನಾವು ಕಲಿಸುವುದು ಅಪೂರ್ವ. ಬಲ್ಲವನು ಬಲ್ಲನೆಂದು ಬಿಡುತ್ತೇವೆ. ಸಂದರ್ಭವನ್ನು ಕರಾರುವಾಕ್ಕಾಗಿ ಬರೆದು, ಸ್ವಾರಸ್ಯದ ಜಾಗವನ್ನು ಖಾಲಿ ಬಿಡುವ ವಿದ್ಯಾರ್ಥಿಗಳನ್ನು ಪ್ರತಿಯೊಬ್ಬ ಉಪಾಧ್ಯಾಯನೂ ಕಂಡಿರುವನು. ಅವರಲ್ಲಿ ಕೆಲವರಾದರೂ ಈ ವರ್ಗಕ್ಕೆ ಸೇರಿದವರಿರಬಹುದು, ಹೆಸರಿಲ್ಲದೆಯೇ ಶಾಲೆಯನ್ನು ಬಿಟ್ಟು ಹೋದವರಿರಬಹುದು. ಯಾವ ಶಬ್ದದಲ್ಲಿ ಬಾಧೆಯಿದೆ, ಯಾವ ಸಂಬಂಧದಿಂದ ಅನ್ಯಾರ್ಥವು ಬಂದಿತು, ಅದರಿಂದಾದ ಪ್ರಯೋಜನವೇನು ಎಂದು ಮೂರು ಪ್ರಶ್ನೆಗಳಾಗಿ ಬಿಡಿಸಿ ಕಲಿಸಿದರೆ ಅವರಿಗೂ ದಾರಿ ತೆರೆಯುವುದು. ತಿಳಿದಂತೆ ನಟಿಸುತ್ತ ಬಾಯಿಪಾಠದ ಸ್ವಾರಸ್ಯವನ್ನು ಬರೆಯುವ ಉಳಿದವರಿಗೂ ಲಾಭವಾಗುವುದು.

ವಿದ್ವತ್ಸಭೆಗಳೂ ಕೆಲವು ಸುಲಭವಾದ ಏರ್ಪಾಡುಗಳನ್ನು ಮಾಡಿಕೊಳ್ಳಬಹುದು. ಪ್ರಬಂಧದ ಪ್ರತಿಯನ್ನು ಮೊದಲೇ ಹಂಚುವುದು, ಬರೆದ ಪ್ರಶ್ನೆಗಳನ್ನು ಸ್ವೀಕರಿಸುವುದು, ಕಾಲನಿಯಮವನ್ನು ಪಾಲಿಸುವುದು, ಒಂದು ಶಾಂತವಾದ ಕೊಠಡಿಯನ್ನು ತೆರೆದಿಡುವುದು, ಇವುಗಳಿಗೆ ವೆಚ್ಚವೂ ಹೆಚ್ಚಿಲ್ಲ. ಹಸ್ತಪ್ರತಿಗಳ ಪಾಠಾಂತರಗಳನ್ನು ಒಂದೂ ಬಿಡದೆ ಗುರುತಿಸುವ, ಶಾಸನಗಳ ತಿಥಿವಾರಗಳನ್ನು ಬೇಸರಿಸದೆ ಲೆಕ್ಕಹಾಕುವ ಶ್ರದ್ಧೆಯು ನಮ್ಮ ಸಂಶೋಧನೆಗೆ ಎಷ್ಟು ಅವಶ್ಯವೆಂಬುದನ್ನು ಈ ಪತ್ರಿಕೆಯ ವಾಚಕರು ಬಲ್ಲರು. ಅಂತಹ ಶ್ರದ್ಧೆಯುಳ್ಳ ಒಬ್ಬನು ಸಭೆಯ ಗದ್ದಲಕ್ಕೂ ಅಲಿಖಿತ ಮರ್ಯಾದೆಗಳಿಗೂ ಅಂಜಿ ಬಾಗಿಲಿನಿಂದಲೇ ಹಿಂದಿರುಗಿದರೆ ನಷ್ಟವು ಅವನೊಬ್ಬನದಲ್ಲ.

ಕನ್ನಡನಾಡಿನ ಜನರಲ್ಲಿ ಮಾತನಾಡುವ ಚಾತುರ್ಯವನ್ನು ಮಾತ್ರವಲ್ಲದೆ ಪರರ ಮಾತನ್ನು ತಿಳಿಯುವ ಗುಣವನ್ನೂ ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿಯೇ ಪ್ರಶಂಸಿಸಿದನು. ಆ ಎರಡನೆಯ ಗುಣದಲ್ಲಿ ನಾವು ಎಷ್ಟರವರೆಂಬುದು, ನಮ್ಮ ರೀತಿಯಲ್ಲಿ ಮಾತನಾಡದವರೆದುರಿಗೆ ನಿಂತಾಗಲೇ ಗೊತ್ತಾಗುವುದು. ವಿದ್ವಾಂಸರು ಈ ವಿಷಯವನ್ನು ಪರಾಮರ್ಶಿಸಿ, ತಮ್ಮ ತಮ್ಮ ತರಗತಿಗಳಲ್ಲಿಯೂ ಗೋಷ್ಠಿಗಳಲ್ಲಿಯೂ ಅನ್ವಯಿಸಿ ನೋಡಬೇಕೆಂದು ಪ್ರಾರ್ಥನೆ.